ಮಗಳಿಗೆ ಕಾಲೇಜು ಹುಡುಕಿದ್ದು ಕೊಬ್ಬರಿ ಅಲ್ಲಾಡಿಸಿ ನೋಡಿದ ಹಾಗೆ

ನಮ್ಮಲ್ಲಿ ಚಿತ್ರವನ್ನೂ ಬರೆಯುತ್ತೇವೆ, ಕತೆಯನ್ನೂ ಬರೆಯುತ್ತೇವೆ. ನನ್ನ ಮಗಳು ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುತ್ತಿದ್ದಳು. ಕಾಲೇಜುಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಬಾಗಿಲು ಅಂತ ಗೊತ್ತಾಗಿದ್ದು ಪಿಯುಸಿ ಮುಗಿದ ಮೇಲೆ. "ಸುಮ್ನೆ ಬಿ.ಕಾಂ. ಮಾಡಿಸಿ ಭಾವ, ಬಣ್ಣ ಬಳಿದರೆ ಹೊಟ್ಟೆ ತುಂಬುತ್ತಾ?" ಅಂದ ಬಾಮೈದ.

ಮೊದಲ ವರ್ಷ ಪೂರ್ತಿ ದಂಡ. ಬೆಂಗಳೂರಲ್ಲಿ ಡಿಸೈನ್ ಕೋಚಿಂಗು, ಪಿಜಿ ಬಾಡಿಗೆ ಸೇರಿ 1 ಲಕ್ಷದ ಹತ್ತಿರ ಹೋಯಿತು. ಸೀಟು ಸಿಗಲಿಲ್ಲ. ಅದಾದರೂ ಹೋಗಲಿ, ಗಡಿಯಾರ ನೋಡಿಕೊಂಡು ಬರೆದೂ ಬರೆದೂ ಬೇಸತ್ತು ಮಗಳು ನಾಲ್ಕು ತಿಂಗಳು ಪೆನ್ಸಿಲ್ ಮುಟ್ಟಲಿಲ್ಲ. ಗಾಬರಿಯಲ್ಲಿ ಒಂದು ಖಾಸಗಿ ಕಾಲೇಜಿಗೆ 25 ಸಾವಿರ ಅಡ್ವಾನ್ಸ್ ಕಟ್ಟಿದೆ. ಬ್ರೋಷರ್ ಜೋರಾಗಿತ್ತು. ಎರಡನೇ ಸಲ ಹೋದರೆ ಸ್ಟುಡಿಯೋಗೆ ಬೀಗ. ಕಿಟಕಿಯಲ್ಲಿ ಇಣುಕಿದೆ, ಈಸೆಲ್‌ಗಳ ಮೇಲೆ ಧೂಳು. ದುಡ್ಡು ವಾಪಸ್ ಬರಲಿಲ್ಲ. ಆಗಿನ ರೇಟಿಗೆ ಮೂರು ಕ್ವಿಂಟಲ್ ಕೊಬ್ಬರಿ!

ನಾನು ತಿಪಟೂರಿನವನು. ಅಟ್ಟದ ಕಾಯಿ ಕೊಬ್ಬರಿ ಆಗಿದೆಯಾ ಅಂತ ನಾವು ಒಡೆದು ನೋಡುವುದಿಲ್ಲ, ಕಿವಿ ಹತ್ತಿರ ಅಲ್ಲಾಡಿಸುತ್ತೇವೆ. ಒಳಗೆ ಗಿಟುಕು ಲೊಡಲೊಡ ಅಂದರೆ ಆಗಿದೆ. ಕಾಲೇಜಿಗೂ ಅದನ್ನೇ ಮಾಡಿದೆ. ಆಫೀಸಿಗೆ ಹೋಗುವುದು ಬಿಟ್ಟೆ. ಕ್ಯಾಂಟೀನಲ್ಲಿ ಕೂತು ಕೊನೇ ವರ್ಷದವರನ್ನು ಹಿಡಿದೆ. "ಏನಪ್ಪಾ, ಸ್ಕೆಚ್ ಬುಕ್ ಇದೆಯಾ?" ಸಬ್ಮಿಷನ್ನಿನದಲ್ಲ, ಬ್ಯಾಗಲ್ಲಿ ಇಟ್ಟುಕೊಂಡು ತಿರುಗುವುದು. ಐದಾರು ಕಾಲೇಜು ಸುತ್ತಿರಬೇಕು. ಒಂದು ಕಡೆ ಹತ್ತು ಜನರಲ್ಲಿ ಒಬ್ಬನ ಹತ್ತಿರವೂ ಇರಲಿಲ್ಲ. ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಒಬ್ಬ ಹುಡುಗ ಮೂರು ತೆಗೆದ. ದೇವರಾಜ ಮಾರುಕಟ್ಟೆಯ ಹೂವಿನವರೇ ತುಂಬಿದ್ದರು. ಪಕ್ಕದಲ್ಲಿ ಅವರ ಚೌಕಾಸಿ ಮಾತನ್ನೂ ಗೀಚಿದ್ದ. ಮಗಳು ಪುಸ್ತಕ ವಾಪಸ್ ಕೊಡಲು ಅರ್ಧ ಗಂಟೆ ಮಾಡಿದಳು.

ಗುಜರಾತಿನ ಬರೋಡಾದ ಕಲಾ ಕಾಲೇಜನ್ನೂ ಯೋಚಿಸಿದ್ದೆವು. ಅಲ್ಲಿ ಕಲಾ ಇತಿಹಾಸಕ್ಕೇ ಬೇರೆ ವಿಭಾಗವಿದೆ, ಬರೆಯುವ ಮಕ್ಕಳಿಗೆ ಹೇಳಿ ಮಾಡಿಸಿದ್ದು. ಆದರೆ ಇವಳು ಬರೆಯುವುದು ಕನ್ನಡದಲ್ಲಿ. ಹಾಗಾಗಿ ಚಿತ್ರಕ್ಕೆ ಕಾಲೇಜು ನೋಡಿದೆ, ಬರವಣಿಗೆಗೆ ಊರು ನೋಡಿದೆ. ಮೈಸೂರಲ್ಲಿ ಸಂಜೆಯಾದರೆ ರಂಗಾಯಣದ ನಾಟಕ, ಬಹುರೂಪಿ ನಾಟಕೋತ್ಸವ ಬಂದರೆ ಇವಳು ರೂಮಿಗೇ ಹೋಗುವುದಿಲ್ಲ. ಫೀಸಿಗಿಂತ ಬಣ್ಣ, ಕ್ಯಾನ್ವಾಸಿಗೇ ಜಾಸ್ತಿ ಖರ್ಚು. ತಿಂಗಳಿಗೆ 2–3 ಸಾವಿರ ಇಟ್ಟುಕೊಳ್ಳಿ.

ಎಂಟ್ರೆನ್ಸಿಗೆ ಈ ಸಲ ಕೋಚಿಂಗ್ ಇಲ್ಲ. ಹರಾಜಿನ ದಿನ ಎಪಿಎಂಸಿಗೆ ಕರೆದುಕೊಂಡು ಹೋಗಿ ಮೂಟೆ ಹೊರುವ ಹಮಾಲರನ್ನು ಬರೆಸಿದೆ, ಹಳೇ ಬಿಲ್ ಪುಸ್ತಕದ ಹಿಂಬದಿಯಲ್ಲಿ. ನಿಂತವರನ್ನು ಯಾರು ಬೇಕಾದರೂ ಬರೆಯುತ್ತಾರೆ. ದುಡ್ಡು ಉಳಿಸಲು ಚಿಪ್ಪು ಸುಟ್ಟು ಚಾರ್ಕೋಲ್ ಮಾಡಲು ಹೋದೆ. ಕಲ್ಲಿನ ಹಾಗೆ ಗಟ್ಟಿ, ಕಾಗದವೇ ಹರಿಯಿತು. ಹುಣಸೆ ಕಡ್ಡಿಯದು ಚೆನ್ನಾಗಿ ಬಂತು. ಮುಚ್ಚಿದ ಡಬ್ಬಿಯಲ್ಲಿ ಸುಡಬೇಕು.

ಈಗ ಕಾವಾದಲ್ಲಿ ಎರಡನೇ ವರ್ಷ. ಮೊನ್ನೆ ಒಂದು ಪತ್ರಿಕೆಯಲ್ಲಿ ಇವಳ ಲೇಖನ ಬಂತು, ಚಿತ್ರವೂ ಇವಳದೇ. 1,500 ರೂಪಾಯಿ ಕೊಟ್ಟರು. ಬಾಮೈದ ಅದನ್ನು ಮೊಬೈಲಲ್ಲಿ ಎಲ್ಲರಿಗೂ ತೋರಿಸುತ್ತಿದ್ದಾನಂತೆ.

ಕ್ಯಾಂಟೀನಲ್ಲಿ ಮೇಷ್ಟ್ರುಗಳಿಗೆ ಕೇಳುವ ಪ್ರಶ್ನೆಯೂ ಒಂದಿದೆ. ಅದನ್ನು ಈಗ ಹೇಳುವುದಿಲ್ಲ. ಬಾಮೈದನ ಮಗ ಮುಂದಿನ ವರ್ಷ ಸೀಟಿಗೆ ಹೊರಟಿದ್ದಾನೆ.