ಮಿದುಳಿನಲ್ಲಿ ತಾಮ್ರ ಸೇರುವ ವಿಲ್ಸನ್ ಕಾಯಿಲೆ: ಮನೆಯವರು ಮಾಡಬೇಕಾದದ್ದೇನು

ತಾಮ್ರ ದೇಹಕ್ಕೆ ಬೇಕಾದ ಲೋಹವೇ. ದೊಡ್ಡವರಿಗೆ ದಿನಕ್ಕೆ ಸುಮಾರು 0.9 ಮಿಲಿಗ್ರಾಂ ಸಾಕಾಗುತ್ತದೆ. ಊಟದಲ್ಲಿ ಹೆಚ್ಚಾಗಿ ಬಂದದ್ದನ್ನು ಯಕೃತ್ತು ಪಿತ್ತದೊಡನೆ ಹೊರಗೆ ಹಾಕುತ್ತದೆ. ಎಟಿಪಿ7ಬಿ ಎಂಬ ವಂಶವಾಹಿಯ ದೋಷವು ತಂದೆ ತಾಯಿ ಇಬ್ಬರಿಂದಲೂ ಬಂದಿರುವ ಮಕ್ಕಳಲ್ಲಿ ಈ ದಾರಿ ಕಟ್ಟಿಕೊಂಡಿರುತ್ತದೆ. ಅಂಥವರಲ್ಲಿ ತಾಮ್ರವು ಮೊದಲು ಯಕೃತ್ತಿನಲ್ಲಿ ತುಂಬಿ, ಆಮೇಲೆ ರಕ್ತಕ್ಕೆ ಸೋರಿ, ಚಲನೆಯನ್ನು ಹತೋಟಿಯಲ್ಲಿಡುವ ಮಿದುಳಿನ ಭಾಗಗಳಲ್ಲಿ ಸೇರುತ್ತದೆ. 1912ರಲ್ಲಿ ಕಿನ್ನಿಯರ್ ವಿಲ್ಸನ್ ಎಂಬ ವೈದ್ಯ ವಿವರಿಸಿದ ಈ ಕಾಯಿಲೆಗೆ ಅವನ ಹೆಸರೇ ನಿಂತಿದೆ. ವಿಲ್ಸನ್ ಕಾಯಿಲೆಯಲ್ಲಿ ಲೋಹವೇ ಕಾರಣ, ಅದನ್ನು ಔಷಧದಿಂದ ಹೊರತೆಗೆಯಲು ಬರುತ್ತದೆ. ಆದ್ದರಿಂದ ತಡಮಾಡದಿರುವುದೇ ಇಲ್ಲಿ ಅರ್ಧ ಚಿಕಿತ್ಸೆ.

ಹೆಚ್ಚಿನವರಲ್ಲಿ ಲಕ್ಷಣಗಳು 5ರಿಂದ 35ರ ವಯಸ್ಸಿನೊಳಗೆ ಕಾಣಿಸಿಕೊಳ್ಳುತ್ತವೆ. ಮಾತು ತೊದಲುವುದು, ಜೊಲ್ಲು ಸುರಿಯುವುದು, ಕೈ ನಡುಗುವುದು, ಕುತ್ತಿಗೆ ಅಥವಾ ಪಾದ ಸೊಟ್ಟಗೆ ತಿರುಗುವುದು, ಓದಿನಲ್ಲಿ ಹಿಂದೆ ಬೀಳುವುದು, ಕಾರಣವಿಲ್ಲದೆ ಸಿಟ್ಟಿಗೇಳುವುದು ಇವುಗಳಲ್ಲಿ ಯಾವುದಾದರೂ ಮೊದಲು ಬರಬಹುದು. ವೈದ್ಯರಲ್ಲಿಗೆ ಹೋಗುವಾಗ ಮಗುವಿನ ಶಾಲೆಯ ಎರಡು ನೋಟುಬುಕ್ಕುಗಳನ್ನು, ಒಂದು ಹೋದ ವರ್ಷದ್ದು, ಒಂದು ಈ ವರ್ಷದ್ದು, ಒಯ್ಯಿರಿ. ಗೆರೆಯ ಮೇಲೆ ದುಂಡಗೆ ಕೂತಿದ್ದ ಅಕ್ಷರ ಗೆರೆ ಬಿಟ್ಟು ಅದುರಿದ್ದರೆ, ಮನೆಯವರ ವಿವರಣೆಗಿಂತ ಆ ಪುಟ ಹೆಚ್ಚು ಹೇಳುತ್ತದೆ. ಹಿಂದೊಮ್ಮೆ ಕಾಮಣಿ (ಕಾಮಾಲೆ) ಆಗಿ ನಾಟಿ ಔಷಧ ಹಾಕಿಸಿದ್ದರೆ ಅದನ್ನೂ ಮರೆಯದೆ, ಮುಚ್ಚಿಡದೆ ತಿಳಿಸಬೇಕು. ಇಂಥ ಮಗುವಿಗೆ ಗಾಳಿ ಸೋಕಿದೆಯೆಂದು ತಿಂಗಳುಗಟ್ಟಲೆ ಗುಡಿ, ದರ್ಗಾ ಅಲೆದ ಮೇಲೆ ಆಸ್ಪತ್ರೆಯ ನೆನಪಾಗುವುದನ್ನು ನಾನು ಕಂಡಿದ್ದೇನೆ. ಹರಕೆ ತೀರಿಸಲು ಯಾರ ಅಡ್ಡಿಯೂ ಇಲ್ಲ, ಆದರೆ ಪರೀಕ್ಷೆ ಮೊದಲು ಆಗಲಿ.

ಮೊದಲ ಪರೀಕ್ಷೆ ಕಣ್ಣಿನದು. ಕಪ್ಪು ಗುಡ್ಡೆಯ ಅಂಚಿನಲ್ಲಿ ತಾಮ್ರ ಕೂತು ಕಂದುಹಸಿರು ಬಳೆಯಂತೆ ಕಾಣುವ ಕೈಸರ್-ಫ್ಲೈಶರ್ ಉಂಗುರವು ಮಿದುಳಿನ ಲಕ್ಷಣವಿರುವ ಬಹುತೇಕ ಎಲ್ಲರಲ್ಲಿಯೂ ಇರುತ್ತದೆ. ನಮ್ಮ ಕಪ್ಪು ಕಣ್ಣುಗಳಲ್ಲಿ ಬರಿಗಣ್ಣಿಗೆ ಅದು ಸುಲಭವಾಗಿ ಕಾಣದು, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಉಪಕರಣ ಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳಿರುವುದರಿಂದ ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ರಕ್ತದಲ್ಲಿ ತಾಮ್ರವನ್ನು ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನು ಈ ರೋಗಿಗಳಲ್ಲಿ ಸಾಮಾನ್ಯವಾಗಿ ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿರುತ್ತದೆ, ಆದರೆ ಅದೊಂದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ.

ಮನೆಯವರ ಕೈಯಲ್ಲಿ ಕೆಡುವ ಪರೀಕ್ಷೆಯೆಂದರೆ 24 ತಾಸಿನ ಮೂತ್ರದ್ದು. ಬೆಳಿಗ್ಗೆ ಆರಕ್ಕೆ ಶುರು ಮಾಡುವುದಾದರೆ ಆ ಹೊತ್ತಿನ ಮೂತ್ರವನ್ನು ಚೆಲ್ಲಿಬಿಡಬೇಕು. ಅಲ್ಲಿಂದ ಮುಂದೆ ಹಗಲು ರಾತ್ರಿ ಹೋದದ್ದನ್ನೆಲ್ಲ, ಮರುದಿನ ಆರು ಗಂಟೆಯದನ್ನೂ ಸೇರಿಸಿ, ಪ್ರಯೋಗಾಲಯದವರು ಕೊಟ್ಟ ಪ್ಲಾಸ್ಟಿಕ್ ಕ್ಯಾನಿನಲ್ಲಿಯೇ ಹಿಡಿಯಬೇಕು. ಹಿತ್ತಾಳೆ ಚೊಂಬಿನಲ್ಲಿ ಹಿಡಿದು ಸುರಿದರೆ ಪಾತ್ರೆಯ ತಾಮ್ರವೂ ಲೆಕ್ಕಕ್ಕೆ ಸೇರುತ್ತದೆ. ಒಂದು ಸಲ ತಪ್ಪಿ ಬಚ್ಚಲಿಗೆ ಹೋಗಿದ್ದರೆ ಮುಚ್ಚಿಡದೆ ಹೊಸದಾಗಿ ಶುರು ಮಾಡಿ. ಲಕ್ಷಣಗಳಿರುವ ರೋಗಿಯ ಈ 24 ತಾಸಿನ ಮೂತ್ರದಲ್ಲಿ ತಾಮ್ರ ಸಾಮಾನ್ಯವಾಗಿ 100 ಮೈಕ್ರೋಗ್ರಾಂ ದಾಟಿರುತ್ತದೆ.

ಒಬ್ಬರಲ್ಲಿ ಕಾಯಿಲೆ ಖಚಿತವಾದರೆ ಒಡಹುಟ್ಟಿದವರೆಲ್ಲರನ್ನೂ, ಅವರು ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ಪರೀಕ್ಷೆ ಮಾಡಿಸಲೇಬೇಕು. ಅವರಲ್ಲಿ ಪ್ರತಿಯೊಬ್ಬರಿಗೂ ಕಾಯಿಲೆ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮಲ್ಲಿ ಇರುವುದರಿಂದ ಗಂಡ ಹೆಂಡತಿ ಇಬ್ಬರಲ್ಲಿಯೂ ಒಂದೇ ದೋಷ ಇರುವ ಸಂಭವ ಹೆಚ್ಚು. ಇದಕ್ಕಾಗಿ ಸೊಸೆಯೊಬ್ಬಳನ್ನೇ ದೂರುವುದು ಅನ್ಯಾಯವೂ ಹೌದು, ವಿಜ್ಞಾನಕ್ಕೆ ವಿರುದ್ಧವೂ ಹೌದು.

ಪೆನಿಸಿಲ್ಲಮೈನ್ ಗುಳಿಗೆ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಕಳಿಸುತ್ತದೆ. ಇದನ್ನು ಊಟಕ್ಕೆ ಒಂದು ತಾಸು ಮೊದಲು ಅಥವಾ ಎರಡು ತಾಸು ನಂತರ ಕೊಡಬೇಕು, ಜೊತೆಗೆ ಬಿ6 ಜೀವಸತ್ವವೂ ಬೇಕು. ಸತುವಿನ ಗುಳಿಗೆ ಕರುಳು ತಾಮ್ರವನ್ನು ಹೀರಿಕೊಳ್ಳದಂತೆ ತಡೆಯುತ್ತದೆ. ಎರಡನ್ನೂ ಬರೆದುಕೊಟ್ಟಿದ್ದರೆ ಒಟ್ಟಿಗೆ ನುಂಗಿಸದೆ ನಡುವೆ ಅಂತರ ಬಿಡಬೇಕು. ಪೆನಿಸಿಲ್ಲಮೈನ್ ಶುರುವಾದ ಹೊಸದರಲ್ಲಿ ಕೆಲವರಿಗೆ ನಡುಕ, ತೊದಲು ಇನ್ನಷ್ಟು ಹೆಚ್ಚುವುದುಂಟು. ಆಗ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸದೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ರಕ್ತ, ಮೂತ್ರಗಳ ತಪಾಸಣೆ ಕಾಲಕಾಲಕ್ಕೆ ನಡೆಯುತ್ತಿರಲಿ.

ಅಡುಗೆಮನೆಯಲ್ಲಿ ಕುಡಿಯುವ ನೀರಿನ ತಾಮ್ರದ ಕೊಡ, ಈಗ ಎಲ್ಲೆಡೆ ಉಡುಗೊರೆಯಾಗಿ ಬರುವ ತಾಮ್ರದ ಬಾಟಲಿ, ಕಲಾಯಿ ಹೋದ ಹಿತ್ತಾಳೆ ಪಾತ್ರೆ ಇವು ಈ ರೋಗಿಗೆ ಬೇಡ. ಮಜ್ಜಿಗೆ, ಹುಣಸೆಹಣ್ಣಿನ ಸಾರಿನಂಥ ಹುಳಿ ಪದಾರ್ಥಗಳು ಅವುಗಳಿಂದ ತಾಮ್ರವನ್ನು ಇನ್ನಷ್ಟು ಬಿಡಿಸುತ್ತವೆ. ನಮ್ಮ ಕಡೆಯ ಊಟದಲ್ಲಿ ಕಷ್ಟದ ಮಾತೆಂದರೆ ಹಿಂಡಿಯದು, ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿಯದು. ಶೇಂಗಾ, ಅಗಸಿ, ಎಳ್ಳು ಎಲ್ಲವೂ ತಾಮ್ರ ಹೆಚ್ಚಿರುವ ಕಾಳುಗಳೇ. ಚಿಕಿತ್ಸೆಯ ಮೊದಲ ವರ್ಷ ಇವನ್ನೂ, ಅಣಬೆ, ಚಾಕೊಲೇಟ್, ಕುರಿಯ ಯಕೃತ್ತನ್ನೂ ಬಿಡಿಸಿ. ಜೋಳದ ರೊಟ್ಟಿ, ಹಾಲು, ಮೊಸರು ಇರಲಿ. ರೊಟ್ಟಿಗೆ ಹಚ್ಚಿಕೊಳ್ಳಲು ಕೆಂಪು ಖಾರ, ಮೊಸರು ಸಾಕು. ಪಥ್ಯವಿದೆಯೆಂದು ಗುಳಿಗೆ ಬಿಡುವಂತಿಲ್ಲ.

ಗುಳಿಗೆ ಜೀವನಪರ್ಯಂತ ಬೇಕು. ಮಾತು ತಿಳಿಯಾಗಿ, ಕೈ ನೆಟ್ಟಗಾಗಿ, ಮದುವೆ ಗೊತ್ತಾದ ಹೊತ್ತಿನಲ್ಲಿಯೇ ಅದನ್ನು ಬಿಡಿಸುವವರಿದ್ದಾರೆ. ಬಸಿರಿನಲ್ಲಿಯೂ ಅದು ನಿಲ್ಲುವಂತಿಲ್ಲ, ಪ್ರಮಾಣವನ್ನು ವೈದ್ಯರು ಬದಲಿಸಬಹುದಷ್ಟೇ. ಸಣ್ಣ ಊರಿನ ಮೆಡಿಕಲ್ ಅಂಗಡಿಯಲ್ಲಿ ಈ ಗುಳಿಗೆ ಕೇಳಿದೊಡನೆ ಸಿಗದಿರಬಹುದಾದ್ದರಿಂದ, ಡಬ್ಬಿಯಲ್ಲಿ ಹದಿನೈದು ದಿನದ್ದು ಉಳಿದಿರುವಾಗಲೇ ಮುಂದಿನದನ್ನು ತರಿಸಲು ಹೇಳಿಡಿ.