ಆಫೀಸಿನ ಲಿನಕ್ಸ್ ಟರ್ಮಿನಲ್ ಸರ್ವರ್ ಕೈಕೊಟ್ಟರೆ ರೀಬೂಟ್‌ಗೆ ಮೊದಲು ಏನು ನೋಡಬೇಕು

ಒಂದೇ ಲಿನಕ್ಸ್ ಸರ್ವರ್‌ಗೆ ಇಪ್ಪತ್ತು ಮೂವತ್ತು ಜನ ಎಕ್ಸ್‌ಆರ್‌ಡಿಪಿಯಲ್ಲೋ ಎಕ್ಸ್‌ಟುಗೋದಲ್ಲೋ (ಸರ್ವರ್‌ನ ಡೆಸ್ಕ್‌ಟಾಪನ್ನು ದೂರದಿಂದ ತೆರೆಯುವ ಪ್ರೋಗ್ರಾಂಗಳು) ಲಾಗಿನ್ ಆಗಿ ಕೆಲಸ ಮಾಡುವ ಕಡೆ, ಏನಾದರೂ ನಿಂತರೆ ಸಾಕು, "ಒಂದ್ಸಲ ರೀಬೂಟ್ ಮಾಡಿ" ಅಂತ ಎಲ್ಲರೂ ಹೇಳುತ್ತಾರೆ. ದಯವಿಟ್ಟು ಮಾಡಬೇಡಿ. ಅರ್ಧ ಟೈಪ್ ಮಾಡಿದ ಬಿಲ್ಲು, ಸೇವ್ ಮಾಡದ ಶೀಟು ಎಲ್ಲ ಒಂದೇ ಏಟಿಗೆ ಹೋಗುತ್ತವೆ. ತೊಂದರೆಯ ಸುಳಿವೂ ಅದರ ಜೊತೆಗೇ ಹೋಗುತ್ತದೆ.

ಮೊದಲು ಕೇಳಿ: ತೊಂದರೆ ಒಬ್ಬರಿಗಾ, ಎಲ್ಲರಿಗಾ?

ಎಲ್ಲರಿಗೂ ನಿಧಾನ ಅಂದರೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಕಮಾಂಡ್ ಕೊಡುವ ದಾರಿ) ಒಳಗೆ ಹೋಗಿ 'ಅಪ್‌ಟೈಮ್' ಕೊಡಿ. ಅಲ್ಲಿನ ಲೋಡ್ ಸಂಖ್ಯೆಯನ್ನು (ಓಡುತ್ತಿರುವ, ಸರದಿ ಕಾಯುತ್ತಿರುವ ಕೆಲಸಗಳ ಸರಾಸರಿ) 'ಎನ್‌ಪ್ರಾಕ್' ತೋರಿಸುವ ಕೋರ್‌ಗಳ ಜೊತೆ ಹೋಲಿಸಿ. 8 ಕೋರ್ ಇದ್ದು ಲೋಡ್ 30 ಅಂದರೆ ಕ್ಯೂ ನಿಂತಿದೆ. ಆದರೆ ಲಿನಕ್ಸ್‌ನಲ್ಲಿ ಡಿಸ್ಕ್‌ಗಾಗಿ ಕಾಯುವ ಕೆಲಸಗಳೂ ಈ ಲೆಕ್ಕಕ್ಕೆ ಸೇರುತ್ತವೆ, ಹಾಗಾಗಿ 'ಟಾಪ್'ನಲ್ಲಿ 'ಡಬ್ಲ್ಯುಎ' (ಡಿಸ್ಕ್‌ಗಾಗಿ ಕಾಯುವ ಸಮಯ) ಜಾಸ್ತಿ ಇದ್ದರೆ ಸಿಪಿಯುವನ್ನು ಬಿಟ್ಟು ಡಿಸ್ಕ್ ಅಥವಾ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಬರುವ ಡಿಸ್ಕ್) ಕಡೆ ನೋಡಿ. 'ಫ್ರೀ -ಎಚ್'ನಲ್ಲಿ 'ಫ್ರೀ' ಅಂಕಣ ನೋಡಿ ಗಾಬರಿ ಬೇಡ. ಖಾಲಿ ರ‍್ಯಾಮ್ ಅನ್ನು ಲಿನಕ್ಸ್ ಕ್ಯಾಶ್‌ಗೆ (ಓದಿದ ಫೈಲ್‌ಗಳನ್ನು ಕೈಗೆಟುಕುವಂತೆ ಇಡಲು) ಬಳಸಿಕೊಳ್ಳುತ್ತದೆ, ನೋಡಬೇಕಾದ್ದು 'ಅವೈಲಬಲ್' ಅಂಕಣ. ಅದೇ ಕಡಿಮೆಯಿದ್ದು ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ತುಂಬುತ್ತಿದ್ದರೆ, ಸಾಮಾನ್ಯವಾಗಿ ಯಾರದೋ ಬ್ರೌಸರ್ ಕಾರಣ. 'ಟಾಪ್'ನಲ್ಲಿ ದೊಡ್ಡ ಎಂ ಒತ್ತಿದರೆ ಯಾರದ್ದು ಅಂತ ಗೊತ್ತಾಗುತ್ತದೆ. ಕಿಲ್ ಮಾಡುವ (ಬಲವಂತವಾಗಿ ಮುಚ್ಚುವ) ಮೊದಲು ಅವರಿಗೆ ಫೋನ್ ಮಾಡಿ, ಇದು ಮುಖ್ಯ. ಆಮೇಲೆ ಸಿಸ್ಟಮ್‌ಡಿಯಲ್ಲಿ (ಸರ್ವರ್‌ನ ಸೇವೆಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಪ್ರತಿ ಯೂಸರ್ ಸ್ಲೈಸ್‌ಗೂ (ಒಬ್ಬರ ಎಲ್ಲ ಪ್ರೊಸೆಸ್‌ಗಳ ಗುಂಪು) 'ಮೆಮೊರಿಮ್ಯಾಕ್ಸ್' ಮಿತಿ ಹಾಕಿ. ಒಬ್ಬರ ಟ್ಯಾಬ್‌ಗಳಿಂದ ಮೂವತ್ತು ಜನ ಒದ್ದಾಡಬಾರದು, ಅಲ್ವಾ?

ಇನ್ನು ಲಾಗಿನ್ ಸುತ್ತು. ಪಾಸ್‌ವರ್ಡ್ ಸರಿ, ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಮತ್ತೆ ಅದೇ ಲಾಗಿನ್ ಬಾಕ್ಸ್. ಒಮ್ಮೆ ಬೆಳಗ್ಗೆ ಅಕೌಂಟ್ಸ್‌ನವರೊಬ್ಬರು ಹೀಗಾಗಿದೆ ಅಂದರು, ಹತ್ತು ನಿಮಿಷದಲ್ಲಿ ಇನ್ನೂ ನಾಲ್ಕು ಜನ ಬಂದರು. ನಾನು ರೂಟ್ (ಎಲ್ಲ ಅಧಿಕಾರ ಇರುವ ಅಡ್ಮಿನ್ ಅಕೌಂಟ್) ಆಗಿ ಹೋದರೆ ಎಲ್ಲ ಸರಿಯಾಗಿಯೇ ಇದೆ! 'ಡಿಎಫ್ -ಎಚ್' ಕೊಟ್ಟಾಗ ಗೊತ್ತಾಯಿತು, ಡಿಸ್ಕ್ 100% ತುಂಬಿತ್ತು. ಇಎಕ್ಸ್‌ಟಿ4 ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್ ಜೋಡಿಸುವ ಕ್ರಮ) ಮಾಮೂಲಾಗಿ 5% ಜಾಗ ರೂಟ್‌ಗೆ ಅಂತ ಎತ್ತಿಡುತ್ತದೆ, ಅದಕ್ಕೇ ನನಗೆ ಏನೂ ಕಾಣಲಿಲ್ಲ. ಉಳಿದವರಿಗೆ '.ಎಕ್ಸ್‌ಅಥಾರಿಟಿ' ಫೈಲ್ (ಪರದೆ ತೆರೆಯುವ ಅನುಮತಿಯ ಕೀಲಿ ಇರುವುದು) ಬರೆಯಲೂ ಜಾಗವಿರಲಿಲ್ಲ. 'ಡಿಯು -ಎಸ್‌ಎಚ್' ಹಾಕಿ ಹುಡುಕಿದರೆ ಡೆಸ್ಕ್‌ಟಾಪ್‌ನ ದೋಷ ಸಂದೇಶಗಳು ಸೇರುವ ಒಬ್ಬರ '.ಎಕ್ಸ್‌ಸೆಷನ್-ಎರರ್ಸ್' ಫೈಲ್ ಒಂದೇ ಹತ್ತಾರು ಜಿಬಿ ಬೆಳೆದಿತ್ತು. ಅಳಿಸಿದೆ, ಜಾಗ ಮಾತ್ರ ವಾಪಸ್ ಬರಲಿಲ್ಲ. ಆ ಫೈಲನ್ನು ಒಂದು ಪ್ರೊಸೆಸ್ ಇನ್ನೂ ಹಿಡಿದುಕೊಂಡಿತ್ತು, 'ಎಲ್‌ಎಸ್‌ಒಎಫ್ +ಎಲ್1' ಅದನ್ನು ತೋರಿಸಿತು. ಇಂಥ ಫೈಲನ್ನು ಅಳಿಸಬೇಡಿ, 'ಟ್ರಂಕೇಟ್ -ಎಸ್ 0' ಕೊಟ್ಟು ಖಾಲಿ ಮಾಡಿ.

ಜಾಗ ಇದ್ದೂ ಬರೆಯಲು ಆಗದಿದ್ದರೆ 'ಡಿಎಫ್ -ಐ' ನೋಡಿ, ಐನೋಡ್ (ಫೈಲ್‌ಗೊಂದರಂತೆ ಬೇಕಾಗುವ ದಾಖಲೆ) ಮುಗಿದಿರಬಹುದು. ಒಬ್ಬರಿಗೆ ಮಾತ್ರ ಸುತ್ತು ಇದ್ದರೆ ಕೋಟಾ (ಒಬ್ಬರಿಗೆ ಕೊಟ್ಟ ಡಿಸ್ಕ್ ಮಿತಿ) ನೋಡಿ. ಇಲ್ಲವೇ ಯಾರೋ ಸುಡೊ (ರೂಟ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಗ್ರಾಫಿಕಲ್ ಪ್ರೋಗ್ರಾಂ ತೆರೆದು '.ಎಕ್ಸ್‌ಅಥಾರಿಟಿ' ರೂಟ್ ಹೆಸರಿಗೆ ಹೋಗಿರುತ್ತದೆ, 'ಚೋನ್' ಮಾಡಿ ಮತ್ತೆ ಅವರ ಹೆಸರಿಗೆ ತಂದರೆ ಸರಿಹೋಗುತ್ತದೆ.

ಎಕ್ಸ್‌ಆರ್‌ಡಿಪಿಯಲ್ಲಿ ಬರೀ ಕಪ್ಪು ಪರದೆ ಬಂದರೆ, ಅದೇ ಯೂಸರ್ ಸರ್ವರ್‌ನ ಸ್ವಂತ ಪರದೆಯಲ್ಲೂ ಲಾಗಿನ್ ಆಗಿದ್ದಾರಾ ನೋಡಿ. 'ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್' ಹೇಳುತ್ತದೆ. ಹಳೆಯ ಸೆಷನ್ ಮುಗಿಸಿ. ಲಿಬ್ರೆಆಫೀಸ್ ಫೈಲ್ ಲಾಕ್ ಆಗಿದೆ ಅಂದರೆ ಲಾಕ್ ಫೈಲನ್ನು ಸುಮ್ನೆ ಅಳಿಸಬೇಡಿ, ಬೇರೆಯವರು ನಿಜವಾಗಿಯೂ ಅದನ್ನು ತೆರೆದಿರಬಹುದು. ಪ್ರಿಂಟ್ ಬರುತ್ತಿಲ್ಲ ಅಂದರೆ 'ಎಲ್‌ಪಿಸ್ಟ್ಯಾಟ್ -ಟಿ' ನೋಡಿ. ಒಂದು ಪ್ರಿಂಟ್ ಕೆಲಸ ಕೆಟ್ಟರೂ ಕಪ್ಸ್ (ಲಿನಕ್ಸ್‌ನ ಪ್ರಿಂಟ್ ವ್ಯವಸ್ಥೆ) ಪ್ರಿಂಟರನ್ನೇ ನಿಲ್ಲಿಸಿಬಿಡಬಹುದು, 'ಕಪ್ಸ್‌ಎನೇಬಲ್' ಸಾಕು.

ಎಲ್ಲ ನೋಡಿದ ಮೇಲೂ ರೀಬೂಟ್ ಬೇಕೇ ಬೇಕು ಅನ್ನಿಸಿದರೆ 'ಶಟ್‌ಡೌನ್ -ಆರ್ +15' ಕೊಡಿ. ಅದರ ಎಚ್ಚರಿಕೆ ಟರ್ಮಿನಲ್‌ನಲ್ಲಿ ಬರುತ್ತದೆ, ಡೆಸ್ಕ್‌ಟಾಪ್‌ನಲ್ಲಿ ಕೂತವರು ಬಹುತೇಕ ನೋಡುವುದಿಲ್ಲ, ಆದ್ದರಿಂದ ಆ ಹದಿನೈದು ನಿಮಿಷದಲ್ಲಿ ಒಬ್ಬೊಬ್ಬರ ಟೇಬಲ್‌ಗೂ ಹೋಗಿ ಸೇವ್ ಮಾಡಿಕೊಳ್ಳಿ ಅಂತ ಹೇಳಿ.