ಬಿಳಿ ಇಂಕ್ ಮೇಲೆ ಮಾತ್ರ ಗಮ್ ಗಟ್ಟಿಯಾಗುತ್ತಿರಲಿಲ್ಲ: ನನ್ನ ಅನುಭವ

ಮಸಾಲೆ ಪುಡಿಯ ಪೌಚ್ ಕೆಲಸ. 12 ಮೈಕ್ರಾನ್ ಪೆಟ್ (ಪಾಲಿಯೆಸ್ಟರ್ ಪ್ಲಾಸ್ಟಿಕ್) ಫಿಲ್ಮ್ ಮೇಲೆ ಪ್ರಿಂಟ್, ಹಿಂದೆ ಗಮ್ ಹಾಕಿ ಅಂಟಿಸಿದ ಪಾಲಿಥೀನ್. ಗಮ್ ಗಟ್ಟಿಯಾಗಲಿ ಅಂತ ಎರಡು ದಿನ ಹಾಟ್ ರೂಮಿನಲ್ಲಿಟ್ಟರೂ ಬಿಳಿ ಇಂಕ್ ಇರುವ ಕಡೆ ಲೇಯರ್ ಸುಮ್ನೆ ಬಿಟ್ಟುಕೊಂಡು ಬರುತ್ತಿತ್ತು, ಮುಟ್ಟಿದರೆ ಅಂಟಂಟು. ಪ್ರಿಂಟ್ ಇಲ್ಲದ ಕಿಟಕಿ ಭಾಗ ಮಾತ್ರ ಎಳೆದರೆ ಫಿಲ್ಮೇ ಹರಿಯುವಷ್ಟು ಗಟ್ಟಿ.

ಎಲ್ಲರೂ ಗಮ್ ಸರಿಯಿಲ್ಲ ಅಂದರು. ಗಮ್ ಕೆಟ್ಟಿದ್ದರೆ ಕಿಟಕಿಯಲ್ಲೂ ಬಿಡಬೇಕಿತ್ತು, ಅಲ್ವಾ? ಇಂಕಿಗೆ ಟೇಪ್ ಹಚ್ಚಿ ಕಿತ್ತು ನೋಡಿದೆ, ಸರಿಯಾಗಿಯೇ ಹಿಡಿದಿತ್ತು. ಕೊನೆಗೆ ಪ್ರಿಂಟಿಂಗಿನವರ ಹತ್ತಿರ ಕೂತು ಕೇಳಿದಾಗ ಗೊತ್ತಾಯಿತು, ಸಿಲಿಂಡರ್ ಮೇಲೆ ಇಂಕ್ ಬೇಗ ಒಣಗುತ್ತದೆ ಅಂತ ತೆಳು ಮಾಡಲು ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಜಾಸ್ತಿ ಹಾಕುತ್ತಿದ್ದರು.

ನಮ್ಮದು ಎರಡು ಭಾಗದ ಪಾಲಿಯುರೆಥೇನ್ ಗಮ್: ಒಂದು ಭಾಗ ಪಾಲಿಯಾಲ್ (ಆಲ್ಕೋಹಾಲ್ ಗುಂಪುಗಳಿರುವ ರಾಸಾಯನಿಕ), ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡನರ್. ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಪಾಲಿಯಾಲ್ ಜೊತೆ ಸೇರಿದರೆ ಗಮ್ ಗಟ್ಟಿ. ಇಂಕಿನಲ್ಲಿ ಉಳಿದ ಐಪಿಎ ಕೂಡ ಆಲ್ಕೋಹಾಲೇ, ಅದು ನಡುವೆ ಬಂದು ಐಸೊಸಯನೇಟನ್ನು ತಾನೇ ಖರ್ಚು ಮಾಡಿಬಿಡುತ್ತದೆ. ಬಿಳಿ ಪದರ ದಪ್ಪ, ಅಲ್ಲೇ ಹೆಚ್ಚು ಉಳಿಯುವುದು.

ಹಾರ್ಡನರ್ ಹೆಚ್ಚಿಸೋಣ ಅಂದರು. ನಾನು ಒಪ್ಪಲಿಲ್ಲ. ಇದು ತಿನ್ನುವ ಪದಾರ್ಥದ ಪೌಚ್, ಒಳಗೆ ಸಾಲ್ವೆಂಟ್ (ಇಂಕ್ ತೆಳು ಮಾಡುವ ದ್ರವ) ಉಳಿದಿರುವಾಗ ಮೇಲೆ ಮುಚ್ಚಿ ಕಳಿಸುವುದು ತಪ್ಪು. ಇಂಕ್ ಕೊಡುವವರನ್ನು ಕೇಳಿ ಐಪಿಎ ಬಿಟ್ಟು, ಈಥೈಲ್ ಅಸಿಟೇಟ್ ಜೊತೆ ನಿಧಾನ ಒಣಗುವ ಪ್ರೊಪೈಲ್ ಅಸಿಟೇಟ್‌ಗೆ ಬದಲಾಯಿಸಿದೆವು. ಇಂಕ್ ಒಣಗಿಸುವ ಡ್ರೈಯರ್ ಫಿಲ್ಟರ್ ತೆಗೆದರೆ ಧೂಳು ಕಟ್ಟಿಕೊಂಡಿತ್ತು, ತೊಳೆದು ಹಾಕಿದ ಮೇಲೆ ಗಾಳಿ ಚೆನ್ನಾಗಿ ಬಂತು.

ಹೊಸ ರೋಲನ್ನು 40 ಡಿಗ್ರಿಯಲ್ಲಿ 48 ಗಂಟೆ ಇಟ್ಟು ಬಿಳಿ ಭಾಗ ಎಳೆದೆ. ಫಿಲ್ಮ್ ಹರಿಯಿತು, ಗಮ್ ಬಿಡಲಿಲ್ಲ.